ಕ್ಯಾಸೆಟ್ಟಿನ ಮುಸವೀರ್

ಹುಣಸೂರಿನಲ್ಲಿ ಮರದ ಮಿಲ್ಲುಗಳ ಸಾಲು ಮುಗಿಯುವ ಕಡೆ ಮುಸವೀರ್ ಅವರ ಶೆಡ್ಡು ಇದೆ. ಬಾಗಿಲು, ಕಿಟಕಿ, ಮಂಚ ಮಾಡುವ ಜಾಗ. ಉಳಿ, ಕೀಸುಳಿಗಳ ಪಕ್ಕದ ಮೊಳೆಯಲ್ಲಿ ಒಂದು ಗಿಟಾರ್ ತೂಗುತ್ತದೆ. ಮರದ ಹುಡಿ ಕೂರದಿರಲೆಂದು ಅದಕ್ಕೆ ಹೆಂಡತಿಯ ಹಳೆಯ ದುಪಟ್ಟಾ ಸುತ್ತಿರುತ್ತಾರೆ. ಬಿಚ್ಚಿ ನೋಡಿದರೆ, ಗಿಟಾರಿನ ಕತ್ತಿನ ಲೋಹದ ಪಟ್ಟಿಗಳ ನಡುವಿನ ಮೂರನೇ ಮನೆಯ ಮೇಲೆ ಒಂದು ತೇಗದ ಚಕ್ಕೆಯನ್ನು ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿರುವುದು ಕಾಣುತ್ತದೆ. ತಂತಿಗಳನ್ನು ಅಲ್ಲಿ ಒತ್ತಿ ಹಿಡಿದರೆ ಗಿಟಾರಿನ ಶ್ರುತಿ ಏರುತ್ತದೆ. ಮೂವತ್ತು ವರ್ಷಗಳಿಂದ ಆ ಚಕ್ಕೆ ಅಲ್ಲಿಂದ ಅಲುಗಿಲ್ಲ.

ಮುಸವೀರ್ ಈಗ ಕಡಿಮೆ ಮಾತಾಡುತ್ತಾರೆ. ಹೋದ ಮಳೆಗಾಲದಲ್ಲಿ ಮೈಸೂರಿನ ವೈದ್ಯರೊಬ್ಬರು ಅವರ ಗಂಟಲೊಳಗೆ ಸಣ್ಣ ಕ್ಯಾಮೆರಾ ಇಳಿಸಿ, ಪರದೆಯ ಮೇಲೆ ಅಕ್ಕಿಕಾಳಿನಂಥ ಎರಡು ಗಂಟುಗಳನ್ನು ತೋರಿಸಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ನಿಮ್ಮದು ಹುಟ್ಟಿನಿಂದ ದಪ್ಪ ದನಿ, ತಗ್ಗಿನಲ್ಲಿ ಹಾಡಬೇಕಾದ ಗಂಟಲು, ಇಷ್ಟು ವರ್ಷ ಅಷ್ಟು ಎತ್ತರಕ್ಕೆ ಯಾಕೆ ಹೋದಿರಿ? ಮುಸವೀರ್ ಪರದೆಯ ಮೇಲಿನ ಗಂಟುಗಳನ್ನೇ ನೋಡಿದರು. ಜೊತೆಗೆ ಹೋಗಿದ್ದ ಹೆಂಡತಿ ಜಮೀಲುನ್ನೀಸಾ ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು. ತಗ್ಗಿನಲ್ಲಿ ಬೇಕಾದರೆ ಹಾಡಿ, ಇನ್ನೊಂದು ಸಲ ಮೊದಲಿನ ಹಾಗೆ ಏರಿದರೆ ಮಾತಾಡುವ ದನಿಯೂ ಉಳಿಯದಿರಬಹುದು ಎಂದು ವೈದ್ಯರು ಹೇಳಿ ಕಳಿಸಿದರು.

ಇದಾದ ಸ್ವಲ್ಪ ದಿನಕ್ಕೆ ಕೆ.ಆರ್. ನಗರದಿಂದ ಸುನೀಲ್‌ಕುಮಾರ್ ಫೋನ್ ಮಾಡಿದ. ಹೂವಿನ ಅಂಗಡಿಯ ಹಿಂದೆ ಒಂದು ಕೋಣೆಗೆ ರಟ್ಟು, ಕಂಬಳಿ ಹೊಡೆದು ರೆಕಾರ್ಡಿಂಗ್ ಸ್ಟುಡಿಯೋ ಮಾಡಿಕೊಂಡವನು. ಅವನ ತಾಯಿಯ ತವರು ಕಂಪಲಾಪುರ. ಹೊಗೆಸೊಪ್ಪು ಬೇಯಿಸುವ ಅಜ್ಜನ ಒಲೆಮನೆಯಲ್ಲಿ, ಬ್ಯಾರನ್ನಿನಲ್ಲಿ, ಮುಸವೀರ್ ಹಾಡು ಕೇಳುತ್ತಲೇ ಬೆಳೆದವನು. ಸೊಪ್ಪು ಬೇಯಿಸುವ ಕಾಲ ಮುಗಿದ ಮೇಲೆ ಕಂಪಲಾಪುರದಲ್ಲಿ ಒಂದು ಕಾರ್ಯಕ್ರಮ ಮಾಡೋಣ, ಅಲ್ಲೇ ರೆಕಾರ್ಡ್ ಮಾಡಿ ನಿಮ್ಮ ಹೊಸ ಆಲ್ಬಂ ತರೋಣ ಎಂಬುದು ಅವನ ಆಸೆ. ಇಪ್ಪತ್ತು ವರ್ಷಗಳಿಂದ ಮುಸವೀರ್ ಹೆಸರಿನಲ್ಲಿ ಒಂದು ಹಾಡೂ ಹೊರಬಂದಿರಲಿಲ್ಲ. ಅವರು ಆಯಿತೆಂದರು. ಫೋನ್ ಇಟ್ಟು ಅರ್ಧ ಕೀಸಿದ ಹಲಗೆಯ ಕಡೆ ತಿರುಗಿದರು.

ಸುನೀಲ್‌ಗೆ ಬೇಕಾಗಿದ್ದುದು ಕ್ಯಾಸೆಟ್ಟಿನ ದನಿ. ಆ ದನಿ ತಮ್ಮದಲ್ಲವೆಂದು ಗೊತ್ತಿದ್ದವರು ಮುಸವೀರ್ ಒಬ್ಬರೇ.

ಹರೆಯದಲ್ಲಿ ಅವರು ಲಕ್ಷ್ಮಣತೀರ್ಥ ಮೆಲೋಡೀಸ್ ಎಂಬ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಗಣೇಶನ ಪೆಂಡಾಲು, ಉರುಸು, ಮದುವೆ, ಎಲ್ಲ ಕಡೆಯೂ ಸಿನಿಮಾ ಹಾಡುಗಳು. ಹಾಡುವುದಕ್ಕೆ ಬೇರೆಯವರಿದ್ದರು. ಮುಸವೀರ್ ದನಿ ಮೈಕಿಗೆ ಭಾರವಾಯಿತು ಎಂದು ಆರ್ಕೆಸ್ಟ್ರಾದ ಯಜಮಾನ ಮಹದೇವಯ್ಯ ಹೇಳುತ್ತಿದ್ದರಂತೆ. ಶೆಡ್ಡಿನಲ್ಲಿ ಮರ ಕೊಯ್ಯುವಾಗ ಮಾತ್ರ ಮುಸವೀರ್ ತಮ್ಮದೇ ಹಾಡು ಕಟ್ಟಿಕೊಂಡು ಹಾಡುತ್ತಿದ್ದರು. ಅವು ಮರದ ಮೇಲಿನ ಹಾಡುಗಳು, ಲಾರಿಯವರ ಹಾಡುಗಳು. ಕಾಡಂಚಿನ ಹಾಡಿಯ ಜನ ಸೌದೆ ಹೊತ್ತು ಬರುವಾಗ ಗುನುಗುವ ಧಾಟಿ, ತಂಬೂರಿಯವರ ಪದದ ಧಾಟಿ ಎಲ್ಲವೂ ಅವುಗಳಲ್ಲಿ ಬೆರೆತಿದ್ದವು. ಗಿಟಾರನ್ನು ಮಾತ್ರ ಮರಕ್ಕೆ ಗರಗಸ ಹಾಕಿದ ಹಾಗೆ ಒಂದೇ ಸಮನೆ ಉಜ್ಜುತ್ತಿದ್ದರು.

ಆ ಹಾಡುಗಳಿಗೆ ಮೊದಲು ಕಿವಿಗೊಟ್ಟವನು ಕಂಪಲಾಪುರದ ಚಾಮಯ್ಯ. ಆಗ ಅವನು ಮಿಲ್ಲಿಗೆ ದಿಮ್ಮಿ ತರುವ ಲಾರಿಯ ಕ್ಲೀನರ್. ತಮಟೆ ಬಾರಿಸುವುದರಲ್ಲಿ ಸುತ್ತಿನ ಹಳ್ಳಿಗಳಲ್ಲೆಲ್ಲ ಹೆಸರಿತ್ತು. ಆರ್ಕೆಸ್ಟ್ರಾ ಬಿಟ್ಟುಬಿಡು, ನಾವಿಬ್ಬರೇ ಒಂದು ಕ್ಯಾಸೆಟ್ ಮಾಡೋಣ ಎಂದು ಅವನೇ ಹಟ ಹಿಡಿದ. ಒಂದು ಭಾನುವಾರ ಮಿಲ್ಲಿಗೆ ರಜೆ ಇದ್ದಾಗ ಬಾಡಿಗೆಗೆ ರೆಕಾರ್ಡರ್ ತಂದು ಮಿಲ್ಲಿನೊಳಗೆ ಇಟ್ಟರು. ಗಿಟಾರ್ ಶ್ರುತಿ ಮಾಡಿ, ಹುಲ್ಲಿಗೆ ಬೆಂಕಿ ಹಾಕಿ ತಮಟೆಯ ಚರ್ಮ ಬಿಗಿದು ಸದ್ದು ಏರಲೆಂದು ಕಾಯಿಸಿಕೊಂಡು ಕೂತಾಗ ಕರೆಂಟು ಹೋಯಿತು. ಮಧ್ಯಾಹ್ನವಾದರೂ ಬರಲಿಲ್ಲ. ಕೊನೆಗೆ ಚಾಮಯ್ಯ ಅಂಗಳದಲ್ಲಿ ನಿಂತಿದ್ದ ಲಾರಿಯ ಬ್ಯಾಟರಿ ಬಿಚ್ಚಿ, ಹೆಗಲ ಮೇಲೆ ಹೊತ್ತು ತಂದ. ತಂತಿ ಕೊಟ್ಟರು. ಯಂತ್ರ ತಿರುಗಿತು. ಸಂಜೆಯೊಳಗೆ ಎಂಟು ಹಾಡು ಮುಗಿದವು.

ಆ ಬ್ಯಾಟರಿ ಹಳೆಯದು. ಬೆಳಿಗ್ಗೆ ಲಾರಿಯನ್ನು ತಳ್ಳಿ ಸ್ಟಾರ್ಟ್ ಮಾಡಬೇಕಾಗುತ್ತಿದ್ದಂಥದ್ದು. ಮೈಕು, ಆಂಪ್ಲಿಫೈಯರು, ರೆಕಾರ್ಡರು ಎಲ್ಲಕ್ಕೂ ಅದರಿಂದಲೇ ಕರೆಂಟು ಕೊಟ್ಟಿದ್ದರು. ಹಾಡಿನಿಂದ ಹಾಡಿಗೆ ಅದು ಇಳಿಯುತ್ತಾ ಬಂತು. ಟೇಪು ತಿರುಗುವುದು ನಿಧಾನವಾಗುತ್ತಾ ಬಂತು. ಹಾಡುವ ಸಂತೋಷದಲ್ಲಿ ಇಬ್ಬರಿಗೂ ಅದು ಕಾಣಲಿಲ್ಲ. ನಿಧಾನವಾಗಿ ತಿರುಗುವ ಯಂತ್ರ ಹಿಡಿದ ಹಾಡನ್ನು ಸರಿಯಾದ ವೇಗದಲ್ಲಿ ತಿರುಗಿಸಿದರೆ ಹಾಡು ಓಡುತ್ತದೆ, ದನಿ ತೆಳುವಾಗಿ ಮೇಲೇರುತ್ತದೆ. ಕ್ಯಾಸೆಟ್ ಅಚ್ಚಾಗಿ ಬಂದಾಗ ಮೊದಲ ಹಾಡು ಮುಸವೀರ್ ದನಿಯಲ್ಲಿಯೇ ಇತ್ತು. ಎರಡನೆಯದು ಸ್ವಲ್ಪ ಬೇರೆ. ಕೊನೆಯ ಹಾಡು ಬರುವ ಹೊತ್ತಿಗೆ ಹಾಡುತ್ತಿದ್ದವನು ಇನ್ಯಾರೋ, ಗಾಳಿಯಲ್ಲಿ ಪಟ ಹಾರಿಸಿದ ಹಾಗೆ ದನಿಯನ್ನು ಹಾರಿಸಬಲ್ಲ ಒಬ್ಬ ಹುಡುಗ.

ಆ ಕೊನೆಯ ಹಾಡನ್ನೇ ಜನ ಹಿಡಿದುಕೊಂಡರು.

‘ಬೀಳೋ ಮರಕ್ಕೆ ದಾರಿ ಬುಡಿ ಕಣಣ್ಣ,
ನಿಂತಿದ್ದ ಜಾಗಕ್ಕೆ ಎಸರಿಲ್ಲ ಕಣಣ್ಣ.’

ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆವರೆಗೆ ಹೊಗೆಸೊಪ್ಪು ಬೇಯುವ ಕಾಲದಲ್ಲಿ ಬ್ಯಾರನ್ನಿನ ಒಲೆ ಆರದಂತೆ ಇಡೀ ರಾತ್ರಿ ಸೌದೆ ಒತ್ತಬೇಕು. ಕಣ್ಣಿಗೆ ನಿದ್ದೆ ಬರದಿರಲೆಂದು ಟೇಪ್ ರೆಕಾರ್ಡರ್ ಹಾಕಿಕೊಳ್ಳುತ್ತಿದ್ದರು. ಒಲೆಯ ಬೋರ್ಗರೆತದ ಮೇಲೆ ತೇಲುವುದಕ್ಕೆ ಅಂಥ ದನಿಯೇ ಬೇಕಿತ್ತು. ಈ ಸಾಬ್ರು ಒಂದೊಂದು ಪದಕ್ಕೂ ಒಂದೊಂದು ಮೆಟ್ಟಿಲು ಅತ್ತುತಾರೆ ಎಂದು ಜನ ಹೊಗಳಿದರು. ಹಾಡು ಮುಗಿದ ಮೇಲೆ ಟೇಪಿನಲ್ಲಿ ‘ಮುಗೀತಾ?’ ಎಂದು ಯಾರೋ ಕೇಳುವುದು ಉಳಿದುಬಿಟ್ಟಿತ್ತು. ಹೆಣ್ಣಿನ ದನಿಯ ಹಾಗಿತ್ತು. ಆ ಎಣ್ಣು ಯಾರು ಎಂದು ಸಂತೆಯಲ್ಲಿ ಮುಸವೀರ್‌ರನ್ನು ತಮಾಷೆ ಮಾಡುತ್ತಿದ್ದರು. ಹೊಸದಾಗಿ ಮದುವೆಯಾಗಿದ್ದ ಜಮೀಲುನ್ನೀಸಾ ಅದು ತಾನಲ್ಲವೆಂದು ಅತ್ತೆಯ ಮುಂದೆ ಆಣೆ ಮಾಡಬೇಕಾಯಿತು. ಮಿಲ್ಲಿನಲ್ಲಿ ಹೊಟ್ಟು ಬಾಚಲು ಬಂದಿದ್ದ ಯಾವಳೋ ಇರಬೇಕು ಎಂದು ಚಾಮಯ್ಯನೇ ಎಲ್ಲರಿಗೂ ಹೇಳಿಕೊಂಡು ಬಂದ.

ಕ್ಯಾಸೆಟ್ ಕೇಳಿದ ದಿನವೇ ಮುಸವೀರ್‌ಗೆ ಬ್ಯಾಟರಿಯ ವಿಷಯ ತಿಳಿದಿತ್ತು. ಗಿಟಾರ್ ನುಡಿಸಿ ನೋಡಿದರು. ಕೊನೆಯ ಹಾಡಿನ ಗಿಟಾರು ಇವರ ಗಿಟಾರಿಗಿಂತ ಮೂರು ಮನೆ ಮೇಲಿತ್ತು. ಹೇಳಬೇಕೆಂದು ಕಂಪಲಾಪುರಕ್ಕೆ ಹೋದರು. ಚಾಮಯ್ಯ ಮನೆಯ ಜಗುಲಿಯ ಮೇಲೆ ಕೂತಿದ್ದ, ಕೆಲಸ ಹೋಗಿತ್ತು. ರೆಕಾರ್ಡ್ ಮಾಡಿದ ಮರುದಿನ, ಸೋಮವಾರ, ಎಚ್.ಡಿ. ಕೋಟೆಯ ಮರದ ಡಿಪೋದ ಮುಂದೆ ಲಾರಿ ಸ್ಟಾರ್ಟ್ ಆಗದೆ ನಿಂತು, ಬ್ಯಾಟರಿ ಖಾಲಿ ಮಾಡಿದವರು ಯಾರೆಂದು ಮಾಲೀಕನಿಗೆ ಗೊತ್ತಾಗಿತ್ತು. ಆದರೂ ಚಾಮಯ್ಯ ನಗುತ್ತಿದ್ದ. ಕೆಲಸ ಹೋದ್ರೆ ಹೋಗ್ಲಿ ಬುಡು, ಪದ ಉಳಕಂತಲ್ಲ ಎಂದ. ಅವನ ಮುಂದೆ, ನಿನ್ನ ಬ್ಯಾಟರಿ ಪದವನ್ನು ಕೆಡಿಸಿತು ಎನ್ನಲು ಮುಸವೀರ್‌ಗೆ ಬಾಯಿ ಬರಲಿಲ್ಲ.

ಮನೆಗೆ ಬಂದು ತೇಗದ ಚಕ್ಕೆ ಕೆತ್ತಿದರು. ಸೈಕಲ್ ಟ್ಯೂಬಿನಿಂದ ಮೂರನೇ ಮನೆಗೆ ಕಟ್ಟಿದರು. ಬಾಗಿಲು ಹಾಕಿಕೊಂಡು ಕ್ಯಾಸೆಟ್ಟಿನ ಎತ್ತರಕ್ಕೆ ಹಾಡುವುದನ್ನು ಕಲಿತರು.

ಎರಡನೆಯ ಕ್ಯಾಸೆಟ್ಟನ್ನು ಮೈಸೂರಿನ ಸ್ಟುಡಿಯೋದಲ್ಲಿ ಮಾಡಿದರು. ಅಲ್ಲಿ ಕರೆಂಟು ಇತ್ತು, ತಣ್ಣಗೆ ಏ.ಸಿ. ಇತ್ತು, ಬ್ಯಾಟರಿ ಮಾಡಿದ ಕೆಲಸವನ್ನೆಲ್ಲ ಗಂಟಲೇ ಮಾಡಬೇಕಾಯಿತು. ಮೂರನೆಯದಕ್ಕೆ ದನಿಯ ಅಂಚು ಒಡೆದಿತ್ತು. ಒಡೆದ ಕಡೆಯೇ ಚೆನ್ನಾಗಿದೆ ಎಂದವರೂ ಇದ್ದರು. ಕ್ಯಾಸೆಟ್ಟುಗಳ ಕಾಲ ಮುಗಿದ ಮೇಲೆಯೂ ಮದುವೆಗೆ, ಹಾರನಹಳ್ಳಿಯ ಕಡೆಯ ಹಬ್ಬಗಳಿಗೆ, ಹೊಸ ಅಗ್ರಹಾರದ ಶಾಲೆಯ ವಾರ್ಷಿಕೋತ್ಸವಕ್ಕೆ ಕರೆ ಬರುತ್ತಿತ್ತು. ಎಲ್ಲಿ ಹೋದರೂ ‘ಬೀಳೋ ಮರ’ ಹಾಡಲೇಬೇಕಿತ್ತು. ಹಾಡಿ ಬಂದ ಮರುದಿನ ಶೆಡ್ಡಿನಲ್ಲಿ ಕೈಸನ್ನೆಯಲ್ಲೇ ಕೆಲಸ. ಮನೆಯಲ್ಲಿ ಮಗಳು ಮೆಹನಾಜ್‌ಗೆ ಜ್ವರ ಬಂದಾಗಲೋ ಕರೆಂಟು ಹೋದಾಗಲೋ ತಗ್ಗು ದನಿಯಲ್ಲಿ ಗುನುಗುತ್ತಿದ್ದರು. ಜಮೀಲುನ್ನೀಸಾ ಕ್ಯಾಸೆಟ್ ಹಾಕುವುದನ್ನು ಯಾವತ್ತೂ ಇಷ್ಟಪಡಲಿಲ್ಲ. ಇದು ನಿಮ್ಮ ತಮ್ಮನ ದನಿಯ ಹಾಗಿದೆ, ಎಂದು ಒಮ್ಮೆ ಹೇಳಿದ್ದರು. ಮುಸವೀರ್‌ಗೆ ತಮ್ಮಂದಿರಿಲ್ಲ.

ಕಾರ್ಯಕ್ರಮಕ್ಕೆ ಮೊದಲು ಒಂದು ಸಲ ಹಾಡಿ ನೋಡೋಣವೆಂದು ಸುನೀಲ್ ಇಬ್ಬರನ್ನೂ ಕೆ.ಆರ್. ನಗರಕ್ಕೆ ಕರೆಸಿಕೊಂಡ. ಚಾಮಯ್ಯನಿಗೆ ಈಗ ಮೊಣಕಾಲು ನೋವು, ಬಸ್ಸು ಇಳಿಯುವಾಗ ತಮಟೆಯನ್ನು ಮುಸವೀರ್ ಹಿಡಿದುಕೊಂಡರು. ಸ್ಟುಡಿಯೋದೊಳಗೆ ಹೂವಿನ ವಾಸನೆ. ಚಾಮಯ್ಯ ಕೂತವನೇ ಎಂದಿನಂತೆ ಬ್ಯಾಟರಿಯ ಕತೆ ಶುರು ಮಾಡಿದ. ಹೆಗಲ ಮೇಲೆ ಹೊತ್ತು ತಂದದ್ದು, ಆಸಿಡ್ ಚೆಲ್ಲಿ ಅಂಗಿ ತೂತಾದದ್ದು. ಅವೊತ್ತು ನಾನಿಲ್ಲಾಂದ್ರೆ ಇವನ ಎಸರೂ ಇರ್ತಿರ್ಲಿಲ್ಲ ಕಣಪ್ಪ ಎಂದು ಸುನೀಲ್‌ಗೆ ಹೇಳಿದ. ಮುಸವೀರ್ ಗಿಟಾರಿನ ದುಪಟ್ಟಾ ಬಿಚ್ಚುತ್ತಾ ನಕ್ಕರು.

ಗಂಟಲಿನ ವಿಷಯವನ್ನು ಸುನೀಲ್‌ಗೆ ಮೊದಲೇ ಹೇಳಿದ್ದರು. ಅವನಿಗೆ ಅದು ದೊಡ್ಡದಾಗಿ ಕಾಣಲಿಲ್ಲ. ಅಣ್ಣ ತಗ್ಗಿನಲ್ಲೇ ಹಾಡಲಿ, ಮಿಕ್ಕಿದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ ಎಂದ. ಮುಸವೀರ್ ಮೆಲ್ಲಗೆ ಎರಡು ಸಾಲು ಹಾಡಿದರು. ಸುನೀಲ್ ಬೆರಳಿನಿಂದ ಒಂದು ಗೆರೆಯನ್ನು ಪರದೆಯ ಮೇಲಕ್ಕೆ ಎಳೆದ. ಸ್ಪೀಕರಿನಿಂದ ಮೂವತ್ತು ವರ್ಷದ ಹಿಂದಿನ ಹುಡುಗ ಹಾಡಿದ. ಚಾಮಯ್ಯ ಖುಷಿಯಾಗಿ ತೊಡೆ ತಟ್ಟಿದ. ವೇದಿಕೆಯಲ್ಲೂ ಹೀಗೇ ಮಾಡಬಹುದು, ನೀವು ಹಾಡುತ್ತಿದ್ದ ಹಾಗೇ ಜನಕ್ಕೆ ಎತ್ತರದ ದನಿ ಕೇಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಸುನೀಲ್ ವಿವರಿಸಿದ.

ಮುಸವೀರ್ ಸ್ಪೀಕರಿನ ಕಡೆ ನೋಡಿದರು. ಗಂಟಲಿಗೆ ಏಟಾಗದೆ, ಜನವೂ ದೂರವಾಗದೆ ಎಲ್ಲವೂ ಹಾಗೇ ಉಳಿಯುವ ದಾರಿ ಅದು. ಆಮೇಲೆ, ಹಳೆಯ ಕ್ಯಾಸೆಟ್ಟಿನ ಹಾಡು ನಿನ್ನ ಹತ್ತಿರ ಇದೆಯಲ್ಲ, ಅದನ್ನು ನಿಧಾನ ಮಾಡಿ ಕೆಳಕ್ಕೆ ಇಳಿಸು ಎಂದರು.

ಸುನೀಲ್ ಇಳಿಸಿದ. ಇನ್ನೂ ಸ್ವಲ್ಪ ಎಂದರು ಮುಸವೀರ್. ಇನ್ನೂ ಸ್ವಲ್ಪ. ಚಕ್ಕೆ ಕಟ್ಟಿದ ತಮ್ಮ ಗಿಟಾರಿಗಿಂತ ಅದು ಮೂರು ಮನೆ ತಗ್ಗಿದಾಗ ಕೈ ಎತ್ತಿ ನಿಲ್ಲಿಸಿದರು. ಆ ಭಾನುವಾರ ಮಿಲ್ಲಿನಲ್ಲಿ ಹಾಡಿದ ಹಾಗೆಯೇ ಹಾಡು ಹೊರಬಂತು. ದಪ್ಪ ದನಿ, ನಿಧಾನದ ನಡೆ. ಓಡುತ್ತಿದ್ದಾಗ ಕುಣಿಯುವ ಹಾಗಿದ್ದ ಪದ ಈಗ ಮರ ನಿಜವಾಗಿ ಬೀಳುವುದನ್ನು ನೋಡುತ್ತಾ ನಿಂತವನ ಪದವಾಗಿತ್ತು. ತಮಟೆಯೂ ತಗ್ಗಿತ್ತು. ಹಾಡು ಮುಗಿಯಿತು. ಸ್ವಲ್ಪ ಮೌನದ ನಂತರ, ‘ಮುಗೀತಾ?’ ಎಂದು ಗಂಡಸೊಬ್ಬ ಕೇಳಿದ.

ಸುನೀಲ್ ನಗುವುದಕ್ಕೆ ಬಾಯಿ ತೆರೆದವನು ಇಬ್ಬರ ಮುಖ ನೋಡಿ ಪರದೆಯಿಂದ ಬೆರಳು ತೆಗೆದ.

“ಇದು ನಾನು ಕಣ್ಲಾ,” ಎಂದ ಚಾಮಯ್ಯ.

ಮುಸವೀರ್ ತಲೆಯಾಡಿಸಿ, ಅವತ್ತು ಟೇಪು ನಿಧಾನವಾಗಿ ತಿರುಗಿತ್ತು ಎಂದರು.

“ಬ್ಯಾಟ್ರಿನಾ?”

“ಊಂ.”

“ನಿಂಗೆ ಯಾವತ್ತಿಂದ ಗೊತ್ತು?”

ಮೊದಲ ದಿನದಿಂದ ಎಂದು ಮುಸವೀರ್ ಹೇಳಿದರು. ಚಾಮಯ್ಯ ಎದ್ದು ತಮಟೆಯನ್ನು ಚೀಲಕ್ಕೆ ಹಾಕಿದ. ಬಾಗಿಲ ಹತ್ತಿರ ನಿಂತು ಸುನೀಲ್ ಕಡೆ ತಿರುಗಿ, “ನಿನ್ನ ಕಂಪ್ಯೂಟ್ರೂ ನಮ್ಮ ಲಾರಿ ಬ್ಯಾಟ್ರಿನೇ ಕಣಪ್ಪ,” ಎಂದ. ಬಸ್ ಸ್ಟಾಂಡಿನವರೆಗೆ ಕುಂಟುತ್ತಾ ಒಬ್ಬನೇ ಹೋದ.

ಅದರ ಮುಂದಿನ ಶುಕ್ರವಾರ ನಮಾಜು ಮುಗಿಸಿಕೊಂಡು ಮುಸವೀರ್ ಕಂಪಲಾಪುರಕ್ಕೆ ಹೋದರು. ಚಾಮಯ್ಯ ಜಗುಲಿಯ ಮೇಲೆ ತಮಟೆಯ ಬಳೆಗೆ ಹೊಸ ಚರ್ಮ ಎಳೆಯುತ್ತಿದ್ದ. ಕೂರು ಎನ್ನಲಿಲ್ಲ. ಮುಸವೀರ್ ತಾವೇ ಕೂತು, ಕೆಲಸ ಕಳೆದುಕೊಂಡು ಕೂತಿದ್ದವನಿಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ ಎಂದರು. ಗಂಟಲು ನೋಯುತ್ತಿತ್ತು, ಮಾತು ಅರ್ಧರ್ಧ ಹೊರಡುತ್ತಿತ್ತು. ಚಾಮಯ್ಯ ಚರ್ಮದಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡ.

“ಎಷ್ಟು ಚರ್ಮ ಒಡದೋದ್ವು ಗೊತ್ತಾ ನಿಂಗೆ?” ಎಂದ ಕೊನೆಗೆ. “ಕ್ಯಾಸೆಟ್ನಲ್ಲಿ ಟಣ್ ಅಂತಿತ್ತಲ್ಲ, ಆ ಸದ್ದು ಬರ್ಲಿ ಅಂತ ಕಾಯಿಸ್ತಾನೇ ಇದ್ದೆ. ಬರ್ತಿರ್ಲಿಲ್ಲ. ಒಡದೋಗೋದು. ನನ್ನ ಕೈ ಕೆಟ್ಟೋಯ್ತು ಅಂದ್ಕಂಡೆ. ಮೂವತ್ತು ವರ್ಸ ಅಂಗಂದ್ಕಂಡೇ ಬಾರಿಸ್ದೆ.”

ಮುಸವೀರ್‌ಗೆ ಇದು ಗೊತ್ತಿರಲಿಲ್ಲ. ತಮ್ಮ ಗಂಟಲನ್ನು ಬಿಟ್ಟರೆ ಇನ್ನೊಂದು ಚರ್ಮವೂ ಅದೇ ಎತ್ತರಕ್ಕೆ ಬಿಗಿದುಕೊಂಡಿತ್ತೆಂದು ಅವರು ಯೋಚಿಸಿಯೇ ಇರಲಿಲ್ಲ.

“ನೀನು ಏಳಿದ್ರೆ ನಾನೇನು ಸಾಯ್ತಿದ್ನಾ?” ಎಂದ ಚಾಮಯ್ಯ.

ಅವನ ಮಗಳು ಅನುಶ್ರೀ ಟೀ ತಂದು ಇಟ್ಟಳು. ಮುಸವೀರ್ ಕುಡಿದು ಎದ್ದರು. ಭಾನುವಾರದ ಕಾರ್ಯಕ್ರಮಕ್ಕೆ ಬರುತ್ತೀಯಾ ಎಂದು ಕೇಳಿದ್ದಕ್ಕೆ ಚಾಮಯ್ಯ ಚರ್ಮವನ್ನು ಇನ್ನಷ್ಟು ಎಳೆದು ಬಿಗಿದ.

ಕಾರ್ಯಕ್ರಮ ಕಂಪಲಾಪುರದ ಶಾಲೆಯ ಪಕ್ಕದ ಬಯಲಿನಲ್ಲಿ, ಭಾನುವಾರ ಮಧ್ಯಾಹ್ನ. ಸೊಪ್ಪು ಮಾರಿ ಮುಗಿಸಿದ ಜನ, ಬಿಳಿ ಪ್ಲಾಸ್ಟಿಕ್ ಕುರ್ಚಿಗಳು. ಬ್ಯಾರನ್ನಿನಲ್ಲಿ ಹಾಡು ಕೇಳಿದವರು ತಮ್ಮ ಮಕ್ಕಳನ್ನೂ ಕರೆದುಕೊಂಡು ಬಂದಿದ್ದರು. ಜಮೀಲುನ್ನೀಸಾ ಮೊದಲ ಸಲ ಗಂಡನ ಕಾರ್ಯಕ್ರಮಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ವೇದಿಕೆಯ ಪಕ್ಕದಲ್ಲಿ ಸುನೀಲ್‌ನ ಯಂತ್ರಗಳು. ದನಿ ಏರಿಸುವ ಗುಂಡಿ ಯಾವುದೆಂದು ಅವನು ಮುಸವೀರ್‌ಗೆ ಬೆಳಿಗ್ಗೆಯೇ ತೋರಿಸಿದ್ದ. ನೀವು ಒಂದು ಸಲ ತಲೆ ಅಲ್ಲಾಡಿಸಿದರೆ ಸಾಕು, ಒತ್ತುತ್ತೇನೆ ಎಂದಿದ್ದ. ಚಾಮಯ್ಯ ಬಂದಿರಲಿಲ್ಲ. ಅವನಿಗೆಂದು ತಂದಿಟ್ಟ ಒಣಹುಲ್ಲಿನ ಕಂತೆ ವೇದಿಕೆಯ ಕೆಳಗೆ ಹಾಗೇ ಬಿದ್ದಿತ್ತು.

ಮುಸವೀರ್ ಕುರ್ಚಿಯ ಮೇಲೆ ಕೂತು ದುಪಟ್ಟಾ ಬಿಚ್ಚಿದರು. ಆಮೇಲೆ ಸೈಕಲ್ ಟ್ಯೂಬಿನ ಗಂಟಿಗೆ ಕೈ ಹಾಕಿದರು. ಹಳೆಯ ರಬ್ಬರು, ಮರಕ್ಕೆ ಅಂಟಿಕೊಂಡಿತ್ತು. ಉಗುರಿನಿಂದ ಕೀಳಬೇಕಾಯಿತು. ಜನ ಏನೋ ಕೆಟ್ಟಿದೆ ಎಂದುಕೊಂಡು ಕಾದರು. ಚಕ್ಕೆ ಬಿಚ್ಚಿ ಬಂದಾಗ, ಅದರ ಆಚೆ, ಕತ್ತಿನ ತುದಿಯ ಕಡೆಯ ಮೊದಲ ಮೂರು ಮನೆಗಳ ಮರ ನಿನ್ನೆ ಕೀಸಿದ ಹಾಗೆ ಹೊಸದಾಗಿತ್ತು. ಬೆರಳು ಅಲ್ಲಿ ಮುಟ್ಟಿಯೇ ಇರಲಿಲ್ಲ. ಚಕ್ಕೆಯನ್ನು ಜೇಬಿಗೆ ಹಾಕಿಕೊಂಡು ‘ಬೀಳೋ ಮರ’ ಹಾಡಲು ಶುರು ಮಾಡಿದರು.

ಎರಡು ಸಾಲು ಆಗುವ ಹೊತ್ತಿಗೆ ಕುರ್ಚಿಗಳಲ್ಲಿ ಗುಸುಗುಸು ಎದ್ದಿತು. ಮುಂದಿನ ಸಾಲಿನಲ್ಲಿದ್ದ ಪುಟ್ಟಸಿದ್ದಮ್ಮ, ಬ್ಯಾರನ್ನಿನಲ್ಲಿ ಸೊಪ್ಪು ಕಟ್ಟುತ್ತಾ ಮುದುಕಿಯಾದವಳು, ಪಕ್ಕದವಳ ಕಡೆ ಬಾಗಿ, ಕ್ಯಾಸೆಟ್ಟೋರು ಬರ್ನಿಲ್ವಾ, ಇವರ್ಯಾರು ಎಂದು ಕೇಳಿದ್ದು ಮೈಕಿನವರೆಗೆ ಬಂತು. ಯಾರೋ ನಕ್ಕರು. ಗಂಟಲು ಕೆಟ್ಟಿದೆ ಪಾಪ ಎಂದರು ಇನ್ನೊಬ್ಬರು. ರಸ್ತೆಯಾಚೆಯ ಟೀ ಅಂಗಡಿಯಲ್ಲಿ ಒಬ್ಬ ತನ್ನ ಫೋನಿನಲ್ಲಿ ಹಳೆಯ ಹಾಡನ್ನೇ ಹಾಕಿದ. ತೆಳ್ಳನೆಯ ಆ ದನಿ ಬಯಲು ದಾಟಿ ಬಂದು ವೇದಿಕೆಯ ದನಿಯ ಮೇಲೆ ಕೂತಿತು. ಹಿಂದಿನಿಂದ ಹುಡುಗರು ಎದ್ದು ಅದರ ಕಡೆ ಹೋದರು. ಸುನೀಲ್ ಕೈ ಗುಂಡಿಯ ಹತ್ತಿರ ಬಂದಿತ್ತು. ಅವನು ಮುಸವೀರ್ ಮುಖ ನೋಡಿದ. ಮುಸವೀರ್ ತಲೆ ಅಲ್ಲಾಡಿಸದೆ ಅವನನ್ನೇ ದಿಟ್ಟಿಸಿದರು. ಸುನೀಲ್ ಕೈ ಹಿಂದಕ್ಕೆ ತೆಗೆದುಕೊಂಡ.

ಎರಡನೆಯ ಚರಣದ ಮಧ್ಯದಲ್ಲಿ ತಮಟೆಯ ಸದ್ದು ಕೇಳಿತು. ಚಾಮಯ್ಯ ಯಾವಾಗ ಮೆಟ್ಟಿಲು ಹತ್ತಿ ಬಂದನೋ ಮುಸವೀರ್ ನೋಡಿರಲಿಲ್ಲ. ಹುಲ್ಲಿನ ಕಂತೆ ಇನ್ನೂ ಕೆಳಗೇ ಇತ್ತು. ಅವನು ತಮಟೆ ಕಾಯಿಸಿರಲಿಲ್ಲ. ತಣ್ಣನೆಯ ಚರ್ಮದ ಸದ್ದು, ಒಳಗಿನಿಂದ ಬಾಗಿಲು ತಟ್ಟಿದ ಹಾಗೆ. ಅವನು ಮುಸವೀರ್ ಕಡೆ ನೋಡಲಿಲ್ಲ. ಇಬ್ಬರೂ ತಮ್ಮ ತಮ್ಮ ಕೈ ನೋಡಿಕೊಂಡು ಆ ನಿಧಾನದ ನಡೆಯಲ್ಲಿ ಹಾಡನ್ನು ಕೊನೆಯವರೆಗೆ ಎಳೆದರು.

ಮುಗಿದಾಗ ಅರ್ಧಕ್ಕರ್ಧ ಕುರ್ಚಿಗಳು ಖಾಲಿಯಾಗಿದ್ದವು. ಚಪ್ಪಾಳೆ ಅಲ್ಲಲ್ಲಿ ಬಿತ್ತು. ಪುಟ್ಟಸಿದ್ದಮ್ಮ ಎದ್ದು ಹೋಗಿರಲಿಲ್ಲ, ಆದರೆ ಮುಖದ ಮೇಲಿನ ಅನುಮಾನವೂ ಹೋಗಿರಲಿಲ್ಲ. ಹಿಂದಿನ ಸಾಲಿನಲ್ಲಿ ಜಮೀಲುನ್ನೀಸಾ ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಟೀ ಅಂಗಡಿಯ ಫೋನು ಇನ್ನೂ ಹಾಡುತ್ತಲೇ ಇತ್ತು.

ಮುಸವೀರ್ ಗಿಟಾರಿನ ಮೇಲೆ ಕೈಯಿಟ್ಟು ಉಸಿರು ತೆಗೆದುಕೊಂಡರು. ಚಾಮಯ್ಯ ತಮಟೆಯನ್ನು ತೊಡೆಯ ಮೇಲೆ ಇಳಿಸಿ, ಖಾಲಿ ಕುರ್ಚಿಗಳನ್ನು ಒಮ್ಮೆ ನೋಡಿದ. ಅವನ ಸಿಟ್ಟು ಹೋಗಿರಲಿಲ್ಲ, ದನಿಯಲ್ಲಿ ಅದು ಗೊತ್ತಾಗುತ್ತಿತ್ತು.

“ಮುಗೀತಾ?” ಎಂದು ಕೇಳಿದ.

ಮುಸವೀರ್ ಇಲ್ಲವೆಂದು ಕೈ ಆಡಿಸಿ, ತಮ್ಮ ದನಿಯಲ್ಲೇ ಉಳಿದಿದ್ದ ಕ್ಯಾಸೆಟ್ಟಿನ ಮೊದಲ ಹಾಡನ್ನು ಎತ್ತಿಕೊಂಡರು.